ಕಂಠಪಾಠ ಸಾಕೆ, ಓದು ಬೇಡವೆ?



ಬಸವ ಜಯಂತಿ ಬಂತೆಂದರೆ ನಮ್ಮ ಮಠಗಳಲ್ಲಿ ವಚನ ಕಂಠಪಾಠ ಸ್ಪರ್ಧೆ ನಡೆಯುತ್ತದೆ. ಹೆಚ್ಚು ವಚನ ಹೇಳಿದ ಮಗುವಿಗೆ ಬಹುಮಾನ. ಇದು ಒಳ್ಳೆಯದೇ. ಆದರೆ ಆ ಮಗುವಿನ ಕೈಗೆ ಪುಸ್ತಕ ಕೊಟ್ಟು, ಹಿಂದೆ ಕೇಳಿರದ ವಚನವೊಂದನ್ನು ಓದಿಸಿ ನೋಡಿ. ಎಷ್ಟೋ ಮಕ್ಕಳು ತಡವರಿಸುತ್ತಾರೆ. 2024ರ ಅಸರ್ ಸಮೀಕ್ಷೆಯ ಪ್ರಕಾರ, ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಅರ್ಧಕ್ಕಿಂತ ತುಸು ಕಡಿಮೆ.

ದೇವರಿಗೂ ಭಕ್ತನಿಗೂ ನಡುವೆ ಮಧ್ಯವರ್ತಿ ಬೇಡವೆಂದದ್ದು ಶರಣಧರ್ಮ. ಓದಲಾರದವನು ವಚನದ ಅರ್ಥಕ್ಕೆ ಇನ್ನೊಬ್ಬರ ಬಾಯಿ ನೋಡಬೇಕಾಗುತ್ತದೆ. ಫ.ಗು. ಹಳಕಟ್ಟಿಯವರು ತಾಳೆಗರಿಗಳಲ್ಲಿದ್ದ ವಚನಗಳನ್ನು ಹುಡುಕಿ, 1923ರಲ್ಲಿ 'ವಚನ ಶಾಸ್ತ್ರಸಾರ'ವನ್ನು ಅಚ್ಚಿಗೆ ತಂದದ್ದು ಅವು ಮನೆಮನೆಯಲ್ಲಿ ಓದಿಸಿಕೊಳ್ಳಲೆಂದೇ ಅಲ್ಲವೆ?

ಓದು ಕುಂಟಲು ಅಕ್ಷರವೊಂದೇ ಕಾರಣವಲ್ಲ, ಪದಗಳ ಕೊರತೆಯೂ ಕಾರಣ. ಪದಸಂಪತ್ತು ಬೆಳೆಯುವುದು ಓದಿನಿಂದ. ಪದ ತಿಳಿಯದ ಮಗು ಪುಸ್ತಕವನ್ನೇ ದೂರವಿಡುತ್ತದೆ. ಈ ಸುಳಿಯಿಂದ ಅದನ್ನು ಎತ್ತಬೇಕಾದವರು ಹಿರಿಯರು.

ಶರಣರ ಹೆಸರುಗಳಿಂದಲೇ ಆರಂಭಿಸಬಹುದು. 'ಆಯ್ದಕ್ಕಿ' ಎಂಬುದನ್ನು ಬಿಡಿಸಿದರೆ 'ಆಯ್ದ ಅಕ್ಕಿ'. ಆಯುವುದು ತಿಳಿದ ಮಗುವಿಗೆ 'ಆಯ್ಕೆ'ಯೂ ಸುಲಭ. 'ಹುಟ್ಟು' ಎಂದರೆ ಜನನವೆಂದಷ್ಟೇ ಬಲ್ಲ ಮಗು, ಅಂಬಿಗರ ಚೌಡಯ್ಯನವರ ಕಥೆ ಓದುವಾಗ ದೋಣಿಯ ಹುಟ್ಟನ್ನು ಕಾಣುತ್ತದೆ. ಪದಗಳ ಪಟ್ಟಿ ಕೊಟ್ಟು ಅರ್ಥ ಉರುಹೊಡೆಸಿದರೆ ಅದು ಮತ್ತೊಂದು ಕಂಠಪಾಠವಾದೀತು. ಸಂದರ್ಭದೊಳಗೆ ಸಿಕ್ಕ ಪದ ನೆನಪಿನಲ್ಲಿ ನಿಲ್ಲುತ್ತದೆ.

ಪ್ರತಿ ಮಠದಲ್ಲೂ, ಪ್ರಸಾದ ನಿಲಯದಲ್ಲೂ ಸಂಜೆ ಅರ್ಧ ಗಂಟೆ ಓದಿಗೆ ಮೀಸಲಿಡೋಣ. ನಿವೃತ್ತ ಶಿಕ್ಷಕರೋ ಕಾಲೇಜು ವಿದ್ಯಾರ್ಥಿಗಳೋ ಗಟ್ಟಿಯಾಗಿ ಓದಲಿ. ಮಕ್ಕಳು ಸಾಲಿನ ಮೇಲೆ ಬೆರಳಿಟ್ಟು ಹಿಂಬಾಲಿಸಲಿ. ದಿನಕ್ಕೆ ಮೂರು ನಾಲ್ಕು ಹೊಸ ಪದ ಸಾಕು. ಅರ್ಥವನ್ನು ಮೊದಲು ಮಕ್ಕಳೇ ಊಹಿಸಲಿ, ಆಮೇಲೆ ನಾವು ಹೇಳೋಣ. ಅದೇ ಪದವನ್ನು ತಮ್ಮ ಮಾತಿನಲ್ಲಿ ಬಳಸಲಿ. ವಾರದೊಳಗೆ ಅದು ಮತ್ತೆ ಎದುರಾಗಲಿ. ಕಾಂಕ್ರೀಟು ಹಾಕಿದ ದಿನವೇ ಗಟ್ಟಿಯಾಗುವುದಿಲ್ಲ, ದಿನವೂ ನೀರುಣಿಸಬೇಕು. ಪದವೂ ಹಾಗೆಯೇ. ಎಂಟನೆಯ ತರಗತಿಯ ಹುಡುಗ ಮೂರನೆಯ ತರಗತಿಯ ಕಥೆಪುಸ್ತಕ ಹಿಡಿದರೆ ನಗಬೇಡಿ, ಓದುವಾಗ ತಪ್ಪಿದಲ್ಲೆಲ್ಲ ತಡೆಯಬೇಡಿ. ಜಾತಿ ಕೇಳದೆ ಊರಿನ ಎಲ್ಲ ಮಕ್ಕಳನ್ನೂ ಕರೆಯಿರಿ.

ಅನ್ನದಾಸೋಹಕ್ಕೆ ಹೆಸರಾದ ಮಠಗಳಿಗೆ ಹತ್ತಾರು ಕಥೆಪುಸ್ತಕಗಳ ಖರ್ಚು ದೊಡ್ಡದಲ್ಲ. ಬರುವ ಶ್ರಾವಣದಲ್ಲಿ ಪ್ರವಚನಕ್ಕೆ ಮುನ್ನ ಈ ಅರ್ಧ ಗಂಟೆ ಆರಂಭವಾಗಲಿ. ಮುಂದಿನ ಬಸವ ಜಯಂತಿಗೆ, ಹೊಸ ವಚನವೊಂದನ್ನು ತಾನೇ ಓದಿ ತನ್ನ ಮಾತಿನಲ್ಲಿ ವಿವರಿಸಿದ ಮಗುವಿಗೂ ಒಂದು ಬಹುಮಾನವಿರಲಿ.