ಟೈಗರ್ ಮತ್ತೆ ಬಂದರೆ ಜಾವಾ ಗತಿಯೇನು?

"ಟೈಗರ್ ಬಂತು!" ಎಂದು ಯಾರಾದರೂ ಕೂಗಿದರೆ ಸಾಕು, ಬಿನ್ನಿಪೇಟೆಯ ಅಂಗಡಿಗಳಲ್ಲಿ ನಿಂತ ಗಿರಾಕಿಗಳು ಅರ್ಧ ಕಟ್ಟಿದ ಪೊಟ್ಟಣ ಬಿಟ್ಟು ಬೀದಿಗೆ ಓಡುತ್ತಿದ್ದ ಕಾಲವೊಂದಿತ್ತು. ಕಾಡಿನ ಹುಲಿಯಲ್ಲ ಸ್ವಾಮಿ, ನೋ ಪಾರ್ಕಿಂಗ್‌ನಲ್ಲಿ ನಿಂತ ಗಾಡಿಗಳನ್ನು ಎತ್ತಿಕೊಂಡು ಹೋಗುತ್ತಿದ್ದ ವಾಹನ. ಹೆಸರಿಟ್ಟವರು ಯಾರೋ, ಹೆಸರು ಮಾತ್ರ ಒಪ್ಪುವಂತಿತ್ತು. ಸ್ಕೂಟರ್ ಹೋದರೆ ದಂಡ 1,000, ಎತ್ತಿದ ಕೂಲಿ 650. ಕೊಂಡ ಸಾಮಾನು ನೂರು ರೂಪಾಯಿಯದು!

2022ರ ಫೆಬ್ರವರಿಯಲ್ಲಿ ಜನರ ಸಿಟ್ಟಿಗೆ ಮಣಿದು ಇದನ್ನು ನಿಲ್ಲಿಸಲಾಯಿತು. 2025ರಲ್ಲಿ ಮತ್ತೆ ತರುವ ಮಾತು ಸರ್ಕಾರದ ಕಡೆಯಿಂದಲೇ ಬಂತು. ಊರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ರಸ್ತೆ ಬಿಡಿಸಲೇಬೇಕು ಎಂಬುದರಲ್ಲಿ ತಕರಾರಿಲ್ಲ. ಬಸ್ಸಿನಲ್ಲಿ ನಿಂತು ಮಾಗಡಿ ರಸ್ತೆ ದಾಟುವವರನ್ನು ಕೇಳಿ, "ಎತ್ಕೊಂಡು ಹೋಗ್ಲಿ ಸಾರ್, ಎಲ್ಲಾ ಎತ್ಕೊಂಡು ಹೋಗ್ಲಿ" ಅಂತಾರೆ. ಅಂಗಡಿಯವರನ್ನು ಕೇಳಿ, "ಗಿರಾಕಿ ಗಾಡಿ ತಲೆ ಮೇಲೆ ಇಟ್ಕೊಂಡು ಬರ್ಬೇಕಾ?" ಅಂತಾರೆ. ಇಬ್ಬರ ಮಾತೂ ಸರಿ.

ಆದರೆ ನನ್ನ ಚಿಂತೆ ಮೂರನೆಯವರದು. ನಾನು ಹಳೇ ಬೈಕುಗಳ ಹುಚ್ಚ, ಮೊದಲೇ ಹೇಳಿಬಿಡುತ್ತೇನೆ. ಪಿಯುಸಿ ಬಿಟ್ಟಿದ್ದಕ್ಕೆ ಮನೆಯವರು ಈಗಲೂ ದೂರುವುದು ಮೆಕ್ಯಾನಿಕ್ ಅಂಗಡಿಯನ್ನೇ.

ಮೋಟಾರು ವಾಹನ ಕಾಯ್ದೆ, 1988ರ 127ನೇ ಕಲಂ ನೋಡಿ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ವಾರಸುದಾರರಿಲ್ಲದೆ ನಿಂತ ಗಾಡಿಯನ್ನೂ, ನಿಷೇಧವಿರುವ ಕಡೆ ನಿಲ್ಲಿಸಿದ ಗಾಡಿಯನ್ನೂ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎತ್ತಿಸಬಹುದು. ಖರ್ಚು ಮಾಲೀಕನದು. ಈಗ ನಮ್ಮ ಗಲ್ಲಿಗಳಿಗೆ ಬನ್ನಿ. ಮಿಲ್ ಇದ್ದ ಜಾಗದಲ್ಲಿ ಮಾಲ್, ಆಕಾಶ ಮುಟ್ಟುವ ಅಪಾರ್ಟ್‌ಮೆಂಟು. ಅದರ ಹಿಂದಿನ ಬೀದಿಗಳಲ್ಲಿ ಮೆಕ್ಯಾನಿಕ್ ಅಂಗಡಿ ಎಂದರೆ ಹತ್ತಡಿ ಅಗಲದ ಒಂದು ಶೆಟರ್. ಒಳಗೆ ಒಂದು ಬೈಕು ಬಿಚ್ಚಿದರೆ ಇನ್ನು ನಾಲ್ಕು ಹೊರಗೆ. ಟ್ಯಾಂಕಿಲ್ಲದ, ಸೀಟಿಲ್ಲದ, ಪಿಸ್ಟನ್ ರಿಂಗಿಗೆ ಎರಡು ವಾರದಿಂದ ಕಾಯುತ್ತಿರುವ ಒಂದು ಯೆಜ್ಡಿ ಬೀದಿಯಲ್ಲಿ ನಿಂತರೆ, ನೋಡುವವರಿಗೆ ಅದು ಗುಜರಿ. ನಮ್ಮಂಥವರಿಗೆ ಅದು ಮೈಸೂರಿನ ಆಸ್ತಿ!

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕುಗಳು ಬಂದವು. 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಕಡ್ಡಿ; ಎರಡು ಕೆಲಸಕ್ಕೆ ಒಂದೇ ಕಬ್ಬಿಣ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು, ಎರಡು ಸೈಲೆನ್ಸರು. ಜುಲೈ ಎರಡನೇ ಭಾನುವಾರ ಜಾವಾ ದಿನವೆಂದು ಬೆಂಗಳೂರಿನಲ್ಲಿ ಇವೆಲ್ಲ ಸಾಲುಗಟ್ಟಿ ಹೊಗೆ ಬಿಡುತ್ತವೆ. ಹ್ಯಾಂಡಲ್ ಒಬ್ಬ, ಹಿಂಬದಿ ಇನ್ನೊಬ್ಬ ಹಿಡಿದು ಲಾರಿಗೆ ಎಸೆದರೆ, ಬಗ್ಗಿದ ಮಡ್‌ಗಾರ್ಡಿಗೆ ಷೋರೂಮಿನಲ್ಲಿ ಹೊಸದು ಸಿಗುವುದಿಲ್ಲ ಸ್ವಾಮಿ.

ಸೈಡ್‌ಕಾರ್ ಇನ್ನೂ ತಮಾಷೆ. ಮೂರು ಚಕ್ರವಿದ್ದರೂ ಕಾಯ್ದೆಯ ಕಣ್ಣಲ್ಲಿ ಅದು ಮೋಟಾರ್ ಸೈಕಲ್ಲೇ. ಬಿಚ್ಚಿ ತೆಗೆಯಬಹುದಾದ ಸೈಡ್‌ಕಾರ್ ಸೇರಿ ಎಂದು ವ್ಯಾಖ್ಯೆಯಲ್ಲೇ ಬರೆದಿದೆ. ಅದನ್ನು ಎತ್ತಲು ನಾಲ್ಕು ಹುಡುಗರು ಬೇಕು, ದಂಡ ಮಾತ್ರ ಎರಡು ಚಕ್ರದ್ದೇ ಹಾಕಬೇಕು. ಯಾವ ಟೈಗರ್ ಇದಕ್ಕೆ ಕೈ ಹಾಕೀತು ನೋಡೋಣ.

ಸರ್ಕಾರಕ್ಕೆ ಹಳೇ ಗಾಡಿಯ ಮೇಲೆ ಪ್ರೀತಿಯೇ ಇಲ್ಲವೆಂದಲ್ಲ. 2021ರ ಜುಲೈನಲ್ಲಿ ಕೇಂದ್ರ ವಿಂಟೇಜ್ ನಿಯಮ ತಂದಿತು. 50 ವರ್ಷ ದಾಟಿ, ಮೂಲರೂಪ ಕೆಡದ ಗಾಡಿಗೆ ಹೊಸ ನೋಂದಣಿ ಶುಲ್ಕ 20,000, ನವೀಕರಣಕ್ಕೆ 5,000. ಆದರೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ; ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿಗೆ ಮಾತ್ರ. ಗ್ಯಾರೇಜಿರುವ ಸಾಹುಕಾರರಿಗೆ ಇದು ಸರಿ. ಅಪ್ಪ ಬಿಟ್ಟುಹೋದ ಯೆಜ್ಡಿಯಲ್ಲೇ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರುವವನಿಗೆ? ಅವನದು ವಿಂಟೇಜೂ ಅಲ್ಲ, ಹೊಸದೂ ಅಲ್ಲ. 15 ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣ 2022ರ ಏಪ್ರಿಲ್‌ನಲ್ಲಿ 300ರಿಂದ 1,000ಕ್ಕೆ ಏರಿತು. ಅಷ್ಟು ಕಟ್ಟಿ ಉಳಿಸಿಕೊಂಡವನ ಗಾಡಿ ಗುಜರಿಯೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು? ಟೈಗರ್ ಮೇಲೆ ನಿಂತು ಬರುವ ಹುಡುಗನೇ?

ಗಾಡಿ ಕೆಟ್ಟರೆ ನಮ್ಮ ಜನ ಟೋಯಿಂಗಿಗೆ ಕಾದವರೇ ಅಲ್ಲ. ಹಿಂದಿನ ಆಟೋ ಡ್ರೈವರ್ ಒಂದು ಕಾಲು ಹೊರಗೆ ಚಾಚಿ ಮುಂದಿನ ಕೆಟ್ಟ ಆಟೋವನ್ನು ತಳ್ಳಿಕೊಂಡು ಹೋಗುತ್ತಾನೆ. ಬೈಕಿನವರೂ ಹಾಗೇ, ಫುಟ್‌ರೆಸ್ಟಿಗೆ ಕಾಲು ಕೊಟ್ಟು. ನೋಡಲು ಚೆಂದ, ಅಪಾಯವೂ ಅಷ್ಟೇ. ಮುಂದಿನವನು ಬ್ರೇಕ್ ಹಿಡಿದರೆ ಹಿಂದಿನವನ ಮೊಣಕಾಲು ಹೋಯಿತು. ಆದರೂ ಮಳೆಯಲ್ಲಿ ಓಕಳಿಪುರದ ಹತ್ತಿರ ನನ್ನ ಗಾಡಿ ನಿಂತಾಗ, ಯಾರೋ ಗುರುತಿಲ್ಲದವರು ಹೀಗೆ ಕಾಲು ಕೊಟ್ಟು ಬಿನ್ನಿಪೇಟೆಯ ತನಕ ಬಿಟ್ಟು ಹೋದರು. ಟೀ ಕುಡಿಯಿರಿ ಎಂದರೆ "ಡ್ಯೂಟಿ ಇದೆ ಅಣ್ಣ" ಎಂದು ಹೊರಟೇಬಿಟ್ಟರು.

ಟೈಗರ್ ತರುವವರು ಎರಡು ಕೆಲಸ ಮಾಡಲಿ. ಒಂದು, ನೋ ಪಾರ್ಕಿಂಗ್ ಬೋರ್ಡು ಮರದ ಕೊಂಬೆಯ ಹಿಂದಲ್ಲ, ಕಣ್ಣಿಗೆ ಕಾಣುವಲ್ಲಿ ಹಾಕಲಿ. ಎರಡು, ರಿಪೇರಿಗೆ ನಿಂತ ಗಾಡಿಗೆ ಮೆಕ್ಯಾನಿಕ್ ಒಂದು ಚೀಟಿ ಅಂಟಿಸಿ ತಾರೀಖು, ಫೋನ್ ನಂಬರು ಬರೆದಿಟ್ಟರೆ, ಎತ್ತುವ ಮೊದಲು ಒಂದು ಫೋನ್ ಮಾಡಲಿ. ನಾನು ಈ ಮಾತು ಹೇಳಿದ ಮೆಕ್ಯಾನಿಕ್ ಆಗಲೇ ರಟ್ಟು ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ "ಗುಜರಿ ಅಲ್ಲ, ರಿಪೇರಿ" ಎಂದು ಬರೆದು ನೇತುಹಾಕಿದ್ದಾನೆ.