ಕಣ್ಣಿಗೆ ಕಾಣದ ಕ್ರಿಮಿ: ಊಹೆ ಮತ್ತು ಪ್ರಮಾಣ

ಸೂಕ್ಷ್ಮಜೀವಿಗಳ ಮಾತು ಬಂದಾಗ ‘ಇದೆಲ್ಲ ನಮ್ಮ ಪೂರ್ವಿಕರಿಗೆ ಮೊದಲೇ ತಿಳಿದಿತ್ತು’ ಎಂದು ಸದ್ಭಕ್ತರಲ್ಲಿ ಹಲವರು ಹೆಮ್ಮೆಯಿಂದ ಹೇಳುವುದುಂಟು. ಆಯುರ್ವೇದವನ್ನೇ ಕಾಯಕವಾಗಿಸಿಕೊಂಡ ನನಗೂ ಆ ಹೆಮ್ಮೆಯಲ್ಲಿ ಪಾಲಿದೆ. ಆದರೆ ಅದರ ಮಿತಿಯನ್ನು ತಿಳಿಸುವುದೂ ವೈದ್ಯನ ಕರ್ತವ್ಯ.

ರಕ್ತದಲ್ಲಿ ವಾಸಿಸುವ ಕೆಲವು ಕ್ರಿಮಿಗಳು ಅತಿಸೂಕ್ಷ್ಮವಾದ್ದರಿಂದ ಕಣ್ಣಿಗೆ ಕಾಣಿಸವೆಂದು ಚರಕಸಂಹಿತೆಯ ವಿಮಾನಸ್ಥಾನ ಹೇಳುತ್ತದೆ. ಗಾಳಿ, ನೀರು, ದೇಶ, ಕಾಲಗಳು ಕೆಟ್ಟಾಗ ಜನಪದವೇ ರೋಗಕ್ಕೆ ತುತ್ತಾಗುವ ಬಗೆಯನ್ನೂ ಅಲ್ಲಿಯೇ ವಿವರಿಸಲಾಗಿದೆ. ಇದು ಮಹತ್ತರವಾದ ಊಹೆ. ಆದರೆ ಯಾವ ಕ್ರಿಮಿಯಿಂದ ಯಾವ ರೋಗವೆಂದು ಬೇರ್ಪಡಿಸಿ ತೋರಿಸುವ ಸಾಧನ ಆಗ ಇರಲಿಲ್ಲ.

ಆ ಸಾಧನ ಒದಗಿದ್ದು ಬಹುಕಾಲದ ನಂತರ. 1670ರ ದಶಕದಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್, ತಾನೇ ಉಜ್ಜಿ ಮಾಡಿದ ಮಸೂರದಿಂದ ನೀರಿನ ಹನಿಯಲ್ಲಿ ಜೀವಿಗಳನ್ನು ಕಂಡನು. ಕುದಿಸಿದ ಸಾರು ಕೊಳೆಯುವುದು ಹೊರಗಿನಿಂದ ಬಂದು ಸೇರುವ ಜೀವಿಗಳಿಂದಲೇ ಎಂದು ಫ್ರಾನ್ಸಿನ ಪಾಶ್ಚರ್ ತೋರಿಸಿದರು. 1882ರಲ್ಲಿ ಜರ್ಮನಿಯ ಕಾಖ್ ಕ್ಷಯದ ಜೀವಾಣುವನ್ನು ಬೇರ್ಪಡಿಸಿ ಬೆಳೆಸಿ, ಅದನ್ನು ಪ್ರಾಣಿಗಳಿಗೆ ಚುಚ್ಚಿ ಅದೇ ರೋಗ ಬರುವುದನ್ನು ಸಿದ್ಧಪಡಿಸಿದರು. ಊಹೆಯು ಪ್ರಮಾಣವಾದದ್ದು ಹೀಗೆ.

ಈ ವಿದ್ಯೆಯ ಬೆಲೆಯನ್ನು ನಮ್ಮ ಸೀಮೆಗೆ ತಿಳಿಸಿಕೊಟ್ಟದ್ದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿ ಮುಂದಿನ ವರ್ಷಗಳಲ್ಲಿ ಬೆಳಗಾವಿ, ಧಾರವಾಡ ಸೀಮೆಗಳಿಗೂ ವ್ಯಾಪಿಸಿತು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆದರೆ ರೋಗಕ್ಕೆ ಸಂಸ್ಥಾನದ ಗಡಿಯಿಲ್ಲ. ಇಲಿ ಬಿದ್ದ ಸುದ್ದಿ ಬಂದೊಡನೆ ಜನರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಅದು ಅನುಭವದ ವಿವೇಕ. ಇಲಿಯಿಂದ ಮನುಷ್ಯನಿಗೆ ರೋಗವನ್ನು ತರುವುದು ಚಿಗಟವೆಂದು 1898ರಲ್ಲಿ ಸಿಮಾಂಡ್ ಕಂಡುಕೊಂಡಾಗ ಆ ವಿವೇಕಕ್ಕೆ ಕಾರಣವೂ ದೊರೆಯಿತು. ಮುಂಬಯಿಯಲ್ಲಿ ಲಸಿಕೆ ತಯಾರಿಸಿದ ಹಾಫ್‌ಕಿನ್ ಅದನ್ನು 1897ರ ಜನವರಿ 10ರಂದು ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಅದನ್ನು ಪಡೆದರು.

ಹಿರಿಯರ ಅನುಭವಕ್ಕೂ ಪ್ರಯೋಗಶಾಲೆಯ ಪ್ರಮಾಣಕ್ಕೂ ವೈರವಿಲ್ಲ. ವೈರವನ್ನು ತಂದಿಡುವುದು ನಮ್ಮ ಒಣ ಅಭಿಮಾನ. ಕ್ಷಯದ ಮಾತ್ರೆಗಳನ್ನು ನಡುವೆಯೇ ಬಿಟ್ಟು ಕೇವಲ ಕಷಾಯ ಕೇಳಿಕೊಂಡು ಬರುವವರು, ನಾಯಿ ಕಚ್ಚಿದಾಗ ಬೇರು ಕಟ್ಟಿಸಿಕೊಂಡು ಸುಮ್ಮನಾಗುವವರು ಇಂದಿಗೂ ಇದ್ದಾರೆ. ಇದರಿಂದ ಹೋಗುವುದು ಜೀವ. ಕ್ಷಯದ ಔಷಧವನ್ನು ಸಾಮಾನ್ಯವಾಗಿ 6 ತಿಂಗಳು ತಪ್ಪದೆ ಸೇವಿಸಬೇಕು. ನಡುವೆ ಬಿಟ್ಟರೆ ಜೀವಾಣುಗಳು ಔಷಧಕ್ಕೆ ಬಗ್ಗದಂತಾಗಬಹುದು. ನಾಯಿ ಕಚ್ಚಿದ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆ ದಿನವೇ ಲಸಿಕೆಗೆ ಹೋಗಬೇಕು. ರೇಬಿಸ್‌ನ ಲಕ್ಷಣಗಳು ಕಾಣಿಸಿದ ಮೇಲೆ ಯಾವ ಪದ್ಧತಿಯ ವೈದ್ಯನೂ ಉಳಿಸಿಕೊಳ್ಳುವುದು ಬಹುತೇಕ ಅಸಾಧ್ಯ.

ಹಾಗಾದರೆ ಆಯುರ್ವೇದಕ್ಕೆ ಕೆಲಸವಿಲ್ಲವೇ? ಖಂಡಿತ ಇದೆ. ಪಥ್ಯಾಹಾರ, ದಿನಚರ್ಯೆ, ಕುಗ್ಗಿದ ದೇಹಕ್ಕೆ ಬಲ ತುಂಬುವುದು ಅದರ ಕ್ಷೇತ್ರ. ಆದರೆ ಅದು ಲಸಿಕೆ, ಮಾತ್ರೆಗಳ ಜೊತೆಗೆ ನಡೆಯಬೇಕೇ ಹೊರತು ಅವುಗಳ ಸ್ಥಾನದಲ್ಲಿ ಕೂಡಬಾರದು.

ಶರಣರು ಅರಿವನ್ನೇ ಗುರುವೆಂದು ಕಂಡವರು. ಹೊಸ ಅರಿವು ಯಾವ ದೇಶದಿಂದ ಬಂದರೂ ಪರೀಕ್ಷಿಸಿ ಸ್ವೀಕರಿಸುವುದು ಅವರ ದಾರಿಯಲ್ಲಿ ನಡೆದಂತೆಯೇ ಸರಿ. ನಮ್ಮ ಪೂರ್ವಿಕರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವವೂ ಅದೇ.