ಆಪ್ಷನ್ ಎಂಟ್ರಿಗೆ ಮೊದಲು ಒಂದು ಸಬ್‌ಸ್ಟೇಷನ್ ನೋಡಿ ಬನ್ನಿ

ಸಿಇಟಿ ರ‍್ಯಾಂಕ್ ಬಂದ ಮನೆಗಳಲ್ಲೆಲ್ಲ ಒಂದೇ ಮಾತು: ಕಂಪ್ಯೂಟರ್ ಸೈನ್ಸ್ ಸಿಗುತ್ತದೋ ಇಲ್ಲವೋ. ಅದಿಲ್ಲದಿದ್ದರೆ ಇನ್ಫರ್ಮೇಷನ್ ಸೈನ್ಸ್, ಅದೂ ಇಲ್ಲದಿದ್ದರೆ ಎಐ. ಇ ಅಂಡ್ ಇ (ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್), ಮೆಕ್ಯಾನಿಕಲ್, ಸಿವಿಲ್‌ಗಳು ಆಪ್ಷನ್ ಪಟ್ಟಿಯ ತಳ ಸೇರುತ್ತವೆ, ಎಷ್ಟೋ ಕಾಲೇಜುಗಳಲ್ಲಿ ಆ ಸೀಟುಗಳು ತುಂಬುವುದೂ ಇಲ್ಲ. ಪಿಯು ವಿಜ್ಞಾನ ಮುಗಿಸಿದ ಮಕ್ಕಳಲ್ಲಿ, ಅವರ ತಂದೆ ತಾಯಿಯರಲ್ಲಿ ನನ್ನದೊಂದು ಕಳಕಳಿಯ ಕೋರಿಕೆ. ಆ ಪಟ್ಟಿ ತುಂಬುವ ಮೊದಲು ಅರ್ಧ ದಿನ ಬಿಡುವು ಮಾಡಿಕೊಂಡು, ನಿಮ್ಮ ತಾಲ್ಲೂಕಿನ ಒಂದು ವಿದ್ಯುತ್ ಸಬ್‌ಸ್ಟೇಷನ್ ನೋಡಿ ಬನ್ನಿ. ಅಲ್ಲಿ ಕೆಲಸ ಮಾಡುವವರ ಜೊತೆ ಮಾತಾಡಿ. ಆಮೇಲೆ ನಿಮಗೆ ಸರಿ ಕಂಡ ಕ್ರಮದಲ್ಲಿ ಬ್ರಾಂಚುಗಳನ್ನು ಜೋಡಿಸಿ.

ಇಂಧನ ಕ್ಷೇತ್ರ ದೂರದ ಯಾವುದೋ ದೇಶದ್ದಲ್ಲ, ನಮ್ಮ ನಡುವೆಯೇ ಇದೆ. 1902ರಲ್ಲೇ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಈಗ ಶರಾವತಿಯ ಒಂದು ವಿದ್ಯುದಾಗಾರದಲ್ಲೇ 1,035 ಮೆಗಾವ್ಯಾಟ್ ಸಾಮರ್ಥ್ಯವಿದೆ. ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲ ಸ್ಥಾವರಗಳಿವೆ. ಕೈಗಾದ ಮೊದಲ ಘಟಕ 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಮಾಡಿತು. ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ನಿಂತಿದೆ. ನೀರು, ಕಲ್ಲಿದ್ದಲು, ಅಣು, ಗಾಳಿ, ಬಿಸಿಲು ಐದೂ ನಮ್ಮ ರಾಜ್ಯದೊಳಗೇ ಇರುವಾಗ, ಇವನ್ನು ನಡೆಸುವ ಓದನ್ನು ನಮ್ಮ ಮಕ್ಕಳು ಉಳಿದದ್ದರಲ್ಲಿ ಒಂದು ಎಂದು ಆರಿಸಿಕೊಳ್ಳುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ವಿದ್ಯುತ್ ಕ್ಷೇತ್ರದ ಕೆಲಸದ ತಿರುಳು ಎಲ್ಲಿದೆ ಎಂದು ತಿಳಿಯಬೇಕಾದರೆ ಸಂಜೆ ಐದರಿಂದ ಎಂಟರವರೆಗಿನ ಹೊತ್ತನ್ನು ಗಮನಿಸಿ. ಬಿಸಿಲು ಇಳಿದಂತೆ ಪಾವಗಡದ ಉತ್ಪಾದನೆ ಸೊನ್ನೆಗೆ ಬರುತ್ತದೆ. ಅದೇ ಹೊತ್ತಿಗೆ ಮನೆಮನೆಯಲ್ಲಿ ದೀಪ, ಫ್ಯಾನು, ಟಿವಿ ಶುರುವಾಗುತ್ತವೆ. ಗ್ರಿಡ್‌ನ ಆವರ್ತನ 50 ಹರ್ಟ್ಸ್‌ನ ಆಸುಪಾಸಿನಲ್ಲೇ ನಿಲ್ಲಬೇಕು. ಬೇಡಿಕೆ ಹೆಚ್ಚಿ ಉತ್ಪಾದನೆ ಕುಗ್ಗಿದರೆ ಆವರ್ತನ ಇಳಿಯತೊಡಗುತ್ತದೆ. ಆಗ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರ್‌ನಲ್ಲಿ ಕೂತವರು ಜಲವಿದ್ಯುತ್ ಯಂತ್ರಗಳನ್ನು ಏರಿಸುತ್ತಾರೆ, ಉಷ್ಣ ಸ್ಥಾವರಗಳಿಗೆ ಸೂಚನೆ ಕೊಡುತ್ತಾರೆ. ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ದೇಶ 2012ರ ಜುಲೈ 31ರಂದು ಕಂಡಿದೆ. ಅಂದು ಉತ್ತರ, ಪೂರ್ವ, ಈಶಾನ್ಯದ ಗ್ರಿಡ್‌ಗಳು ಒಟ್ಟಿಗೇ ಕುಸಿದವು, 60 ಕೋಟಿಗೂ ಹೆಚ್ಚು ಜನ ಕತ್ತಲಲ್ಲಿ ಉಳಿದರು. ದಕ್ಷಿಣದ ಗ್ರಿಡ್ ಆಗಿನ್ನೂ ಅವುಗಳ ಜೊತೆ ಒಂದೇ ಲಯದಲ್ಲಿ ಬೆಸೆದಿರಲಿಲ್ಲವಾದ್ದರಿಂದ ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಆ ಬೆಸುಗೆಯನ್ನೂ ಹಾಕಿತು. ಅಂದಿನಿಂದ ಇಡೀ ದೇಶದ್ದು ಒಂದೇ ಗ್ರಿಡ್, ಅದನ್ನು ಕಾಯುವ ಹೊಣೆಯೂ ಎಲ್ಲರದು.

ಇ ಅಂಡ್ ಇ ವಿದ್ಯಾರ್ಥಿ ಓದುವ ಪವರ್ ಸಿಸ್ಟಮ್ಸ್, ಪ್ರೊಟೆಕ್ಷನ್, ಪವರ್ ಎಲೆಕ್ಟ್ರಾನಿಕ್ಸ್ ಎಲ್ಲವೂ ಈ ಸಂಜೆಯ ಲೆಕ್ಕಕ್ಕೇ ಬೇಕಾದವು. ಸೋಲಾರ್ ಫಲಕದ ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್, ವಿದ್ಯುತ್ ವಾಹನದ ಚಾರ್ಜರ್, ಬ್ಯಾಟರಿ ಸಂಗ್ರಹಣೆ, ಇವೆಲ್ಲ ಪವರ್ ಎಲೆಕ್ಟ್ರಾನಿಕ್ಸ್‌ನ ಫಲ. ರಾತ್ರಿ ಹೊತ್ತು ಹಾವು ಚೇಳಿನ ಭಯದಲ್ಲಿ ಗದ್ದೆಗೆ ಹೋಗುವ ರೈತ ಹಗಲಲ್ಲೇ ತ್ರೀ ಫೇಸ್ ಕೊಡಿ ಎಂದು ಕೇಳುತ್ತಾನಲ್ಲ, ಅದಕ್ಕೂ ಉತ್ತರ ಸಿಗಬೇಕಾದದ್ದು ಸೋಲಾರ್ ಫೀಡರ್‌ಗಳನ್ನು ಚೆನ್ನಾಗಿ ಯೋಜಿಸಬಲ್ಲ ಎಂಜಿನಿಯರ್‌ನಿಂದಲೇ.

ಇ ಅಂಡ್ ಇ ಒಂದೇ ಸಾಲದು: ಟರ್ಬೈನು, ಬಾಯ್ಲರುಗಳಿಗೆ ಮೆಕ್ಯಾನಿಕಲ್ ಬೇಕು. ಅಣೆಕಟ್ಟು, ಸುರಂಗ, ಟವರಿನ ಅಡಿಪಾಯಕ್ಕೆ ಸಿವಿಲ್ ಬೇಕು. ಬ್ಯಾಟರಿ, ಹೈಡ್ರೋಜನ್ ಕಡೆ ಒಲವಿದ್ದವರು ಕೆಮಿಕಲ್ ಎಂಜಿನಿಯರಿಂಗ್ ನೋಡಲಿ. ಬಿಇ ಒಂದೇ ದಾರಿಯಲ್ಲ. ಅಣುವಿದ್ಯುತ್ ನಿಗಮ ಬಿಎಸ್ಸಿ, ಡಿಪ್ಲೊಮಾ, ಐಟಿಐ ಓದಿದವರನ್ನೂ ತರಬೇತಿಗೆ ತೆಗೆದುಕೊಳ್ಳುತ್ತದೆ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರುವ ಮಕ್ಕಳ ಕೈಗೆ ಕೆಲಸದ ಹದ ಮೊದಲೇ ಸಿಕ್ಕಿರುತ್ತದೆ.

ಒಂದು ಎಚ್ಚರಿಕೆ. ಹೊಸ ಹೆಸರಿನ ಕೋರ್ಸು ಕಂಡು ಮರುಳಾಗಬೇಡಿ. ರಿನ್ಯೂವಬಲ್ ಎನರ್ಜಿ, ಎನರ್ಜಿ ಎಂಜಿನಿಯರಿಂಗ್ ಎಂಬಂಥ ವಿಶೇಷ ವಿಷಯಗಳನ್ನು ಎಂಟೆಕ್‌ನಲ್ಲಿ ಓದುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಪದವಿಯಲ್ಲಿ ಬುನಾದಿ ಗಟ್ಟಿಯಿರಬೇಕು. ಕೆಪಿಟಿಸಿಎಲ್, ಕೆಪಿಸಿಎಲ್, ಎನ್‌ಟಿಪಿಸಿ, ಪವರ್ ಗ್ರಿಡ್‌ಗಳಂಥ ವಿದ್ಯುತ್ ಸಂಸ್ಥೆಗಳ ಹಿಂದಿನ ನೇಮಕಾತಿ ಅಧಿಸೂಚನೆಗಳನ್ನು ತೆಗೆದು, ಯಾವ ಪದವಿಯ ಹೆಸರು ಬರೆದಿದೆ ಎಂದು ನೀವೇ ಓದಿ ನೋಡಿ. ಸೀಟು ಪಡೆದ ಮೇಲೆ ಓದುವುದಕ್ಕಿಂತ ಈಗಲೇ ಓದುವುದು ಒಳ್ಳೆಯದು.

ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಸರ್ಕಾರಿ ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ. ಖಾಸಗಿ ಕಂಪನಿಗಳಲ್ಲಿ ಮೊದಲ ಸಂಬಳ ಸಾಫ್ಟ್‌ವೇರ್ ಕೆಲಸದ್ದಕ್ಕಿಂತ ಕಡಿಮೆಯಿರಬಹುದು. ಬಿಸಿಲು, ಮಳೆ, ಪಾಳಿ, ದೂರದ ಊರು ಎಲ್ಲ ಇದ್ದದ್ದೇ. ಎಂಟೆಕ್‌ಗೂ ಇಂಥ ಕೆಲಸಗಳಿಗೂ ನೆರವಾಗುವ ಗೇಟ್ ಪರೀಕ್ಷೆಗೆ ಎರಡನೇ ವರ್ಷದಿಂದಲೇ ಕೂತು ಓದಬೇಕಾಗುತ್ತದೆ. ಮಗುವಿಗೆ ಕಂಪ್ಯೂಟರ್ ಸೈನ್ಸ್ ಮೇಲೆ ನಿಜವಾದ ಪ್ರೀತಿಯಿದ್ದರೆ ಅದನ್ನೇ ಮೊದಲಿಡಿ. ಸ್ಮಾರ್ಟ್ ಮೀಟರ್, ಗಾಳಿ ಬಿಸಿಲುಗಳ ಮುನ್ನಂದಾಜು ಎಂದು ಅದನ್ನು ಓದಿದವರಿಗೂ ಇಂಧನ ಕ್ಷೇತ್ರದಲ್ಲಿ ಕೆಲಸವಿದೆ. ಆದರೆ ಪಕ್ಕದ ಮನೆಯವರು ತೆಗೆದುಕೊಂಡರೆಂದು ಮಾತ್ರ ತೆಗೆದುಕೊಳ್ಳಬೇಡಿ. ಹೆಣ್ಣುಮಕ್ಕಳಿಗೆ ಕರೆಂಟಿನ ಕೆಲಸ ಬೇಡ ಎನ್ನುವ ಹಿರಿಯರು ವಿದ್ಯುತ್ ಹಂಚುವ ಎಸ್ಕಾಂ ಕಚೇರಿಗೆ ಹೋಗಿ, ಅಲ್ಲಿರುವ ಮಹಿಳಾ ಎಂಜಿನಿಯರುಗಳನ್ನು ಮಾತಾಡಿಸಿ ಬರಲಿ.

ಪಿಯು ಕಾಲೇಜಿನ ಪ್ರಾಂಶುಪಾಲರೇ, ಭೌತವಿಜ್ಞಾನದ ಮೇಷ್ಟ್ರುಗಳೇ, ಊರಿನವರು ಇವತ್ತಿಗೂ ಕೆಇಬಿ ಎಂದೇ ಕರೆಯುವ ಕಚೇರಿಯ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ ಒಂದು ಪತ್ರ ಬರೆದು ಅನುಮತಿ ಕೇಳಿ. ಎಂಜಿನಿಯರುಗಳೇ, ಇಲ್ಲವೆನ್ನಬೇಡಿ. ಯಾರ್ಡಿನೊಳಗೆ ಬಿಡಲು ಆಗದಿದ್ದರೆ ಬೇಲಿಯ ಹೊರಗೇ ನಿಲ್ಲಿಸಿ ತೋರಿಸಿ. ಇದು ಬ್ರೇಕರ್, ಇದು ಟ್ರಾನ್ಸ್‌ಫಾರ್ಮರ್, ಈ ಫೀಡರ್ ನಿಮ್ಮೂರಿನದು ಎಂದು ಹೇಳಿ. ನೀವು ಓದಿದ್ದು ಏನು, ಈಗ ದಿನಾ ಉಪಯೋಗಕ್ಕೆ ಬರುತ್ತಿರುವುದು ಯಾವುದು ಎಂದೂ ಹೇಳಿ. ಈಗಾಗಲೇ ಆಪ್ಷನ್ ತುಂಬಿ ಆಗಿದೆ ಎನ್ನುವ ಮನೆಯವರೂ ಕೈಬಿಡಬೇಕಿಲ್ಲ: ಅಣಕು ಸೀಟು ಹಂಚಿಕೆಯ ನಂತರ ಕ್ರಮ ಬದಲಿಸಲು ಪರೀಕ್ಷಾ ಪ್ರಾಧಿಕಾರ ಅವಕಾಶ ಕೊಡುತ್ತದೆ, ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.